ಫ್ರೇಸಲ್ ವರ್ಬ್‌ಗಳ ಪಟ್ಟಿ ಬಾಯಿಪಾಠವಾಗಿದೆ, ಆದರೆ ಮಾತಿನಲ್ಲಿ ಬರುವುದಿಲ್ಲ. ಏನು ಮಾಡಲಿ?

ಕ್ರಿಯಾಪದದ ಜೊತೆ ಅಪ್, ಆಫ್ ಇಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವ ಜೋಡಿಯೇ ಫ್ರೇಸಲ್ ವರ್ಬ್. ನೀವು ಹೇಳಿರುವ ತೊಂದರೆ ಎರಡು. ಇನ್ನೂರು ಫ್ರೇಸಲ್ ವರ್ಬ್‌ಗಳ ಅರ್ಥ ಗೊತ್ತಿದ್ದರೂ ಮಾತಾಡುವಾಗ ನಾಲಿಗೆಗೆ ಬರುವುದಿಲ್ಲ. ಜೊತೆಗೆ "ಗೆಟ್ ಆನ್", "ಗೆಟ್ ಆಫ್", "ಗೆಟ್ ಓವರ್", "ಗೆಟ್ ಬೈ" ಒಂದರೊಳಗೊಂದು ಕಲಸಿಹೋಗುತ್ತವೆ. ಎರಡಕ್ಕೂ ಕಾರಣ ನಿಮ್ಮ ನೆನಪಿನ ಶಕ್ತಿಯಲ್ಲ, ನೀವು ಹಿಡಿದಿರುವ ಪಟ್ಟಿ. "ಪುಟ್ ಆಫ್ ಎಂದರೆ ಮುಂದೂಡು" ಎಂದು ಕಲಿತವರಿಗೆ ಅರ್ಥ ಸಿಕ್ಕಿತು, ಆದರೆ ಏನನ್ನು ಮುಂದೂಡುತ್ತೇವೋ ಅದನ್ನು, ಅಂದರೆ ಕರ್ಮವನ್ನು, ವಾಕ್ಯದಲ್ಲಿ ಎಲ್ಲಿಡಬೇಕು ಎಂಬುದು ಸಿಗಲಿಲ್ಲ. ಮಾತು ತಡವರಿಸುವುದು ಅಲ್ಲಿಯೇ. ಹಾಗಾಗಿ ನಾನು ಮೊದಲು ಕರ್ಮದ ಜಾಗದ ಬಗ್ಗೆ ಹೇಳುತ್ತೇನೆ, ಅರ್ಥದ ವಿಷಯ ಆಮೇಲೆ. (ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಒಂದು ಎಫ್ ಇರುವ ಪದವನ್ನು "ಆವ್" ಎಂದೂ ಎರಡು ಎಫ್ ಇರುವುದನ್ನು "ಆಫ್" ಎಂದೂ ಬರೆದಿದ್ದೇನೆ. ಉಚ್ಚಾರಣೆಯೂ ಹಾಗೆಯೇ. ಇವೆರಡನ್ನೂ ಒಂದೇ ಥರ ಉಚ್ಚರಿಸುವವರು ಬರೆಯುವಾಗಲೂ ತಪ್ಪುತ್ತಾರೆ.)

"ಟರ್ನ್ ಆಫ್" ತೆಗೆದುಕೊಳ್ಳಿ. "ಟರ್ನ್ ಆಫ್ ದ ಲೈಟ್" ಸರಿ. "ಟರ್ನ್ ದ ಲೈಟ್ ಆಫ್" ಕೂಡ ಸರಿ. ಲೈಟ್ ಬದಲು ಸರ್ವನಾಮ ಬಂದರೆ ಮಾತ್ರ ಒಂದೇ ದಾರಿ: "ಟರ್ನ್ ಇಟ್ ಆಫ್". "ಟರ್ನ್ ಆಫ್ ಇಟ್" ತಪ್ಪು. ಕಾರಣ ಇದು: ಇಂಗ್ಲಿಷ್ ವಾಕ್ಯದ ಕೊನೆಯ ಜಾಗಕ್ಕೆ ಒತ್ತು ಹೆಚ್ಚು, ಹೊಸ ವಿಷಯ ಅಲ್ಲಿ ಕೂರುತ್ತದೆ. "ಇಟ್" ಎಂದರೆ ಆಗಲೇ ಇಬ್ಬರಿಗೂ ಗೊತ್ತಿರುವ ಸಂಗತಿ, ಅದಕ್ಕೆ ಕೊನೆಯ ಜಾಗ ಸಿಗುವುದಿಲ್ಲ. ಇದೇ ಕಾರಣಕ್ಕೆ ಕರ್ಮ ಉದ್ದವಾದರೆ ಉಲ್ಟಾ ಆಗುತ್ತದೆ, ಅದನ್ನು ನಡುವೆ ತುರುಕದೆ ಕೊನೆಗೆ ಕಳಿಸುತ್ತಾರೆ. ಸೋಮವಾರಕ್ಕೆ ನಿಗದಿಯಾಗಿದ್ದ ಮೀಟಿಂಗ್ ರದ್ದಾಯಿತು ಎನ್ನಲು "ದೆ ಕಾಲ್ಡ್ ಆಫ್ ದ ಮೀಟಿಂಗ್ ದಟ್ ವಾಸ್ ಫಿಕ್ಸ್ಡ್ ಫಾರ್ ಮಂಡೇ" ಎನ್ನಬೇಕು. "ಕಾಲ್ಡ್" ಎಂದ ಮೇಲೆ ಅಷ್ಟುದ್ದ ಹೇಳಿ ಕೊನೆಯಲ್ಲಿ "ಆಫ್" ಸೇರಿಸಿದರೆ ಕೇಳುವವರಿಗೆ ಎಳೆ ತಪ್ಪುತ್ತದೆ. ನಡುವೆ ಒಂದರಿಂದ ಮೂರು ಪದದವರೆಗೆ ಇಡಬಹುದು, ಅದಕ್ಕಿಂತ ಹೆಚ್ಚಾದರೆ ಕೊನೆಗೆ ಎಂದು ಒಂದು ಅಂದಾಜು ಇಟ್ಟುಕೊಳ್ಳಿ.

ಇನ್ನೊಂದು ಗುಂಪು ಬಿಡಿಸಲು ಬಾರದವು, ಅಂದರೆ ಕ್ರಿಯಾಪದ ಮತ್ತು ಪುಟ್ಟ ಪದದ ನಡುವೆ ಕರ್ಮ ಇಡಲಾಗದವು. "ಲುಕ್ ಆಫ್ಟರ್ ಹರ್" ಎನ್ನಬಹುದು, "ಲುಕ್ ಹರ್ ಆಫ್ಟರ್" ಇಲ್ಲವೇ ಇಲ್ಲ. "ಲುಕ್ ಫಾರ್ ಇಟ್", "ಕಮ್ ಅಕ್ರಾಸ್ ಇಟ್", "ರನ್ ಇಂಟು ಹಿಮ್", "ಡೀಲ್ ವಿತ್ ಇಟ್" ಇವೆಲ್ಲ ಇದೇ ಜಾತಿ. ಯಾವುದು ಯಾವ ಗುಂಪಿನದೆಂದು ಊಹಿಸಲು ಕ್ರಿಯಾಪದದ ನಂತರದ ಪುಟ್ಟ ಪದ ನೋಡಿ. ಅಪ್, ಡೌನ್, ಔಟ್, ಅವೇ, ಬ್ಯಾಕ್ ಇದ್ದು ಕರ್ಮವೂ ಇದ್ದರೆ ಬಹುಮಟ್ಟಿಗೆ ಬಿಡಿಸಬಹುದು. ಆಫ್ಟರ್, ಫಾರ್, ಅಟ್, ಇಂಟು, ಅಕ್ರಾಸ್, ವಿತ್ ಇದ್ದರೆ ಬಿಡಿಸಲಾಗದು ಎಂದೇ ಇಟ್ಟುಕೊಳ್ಳಿ. ಆನ್, ಆಫ್, ಓವರ್, ಥ್ರೂ, ಇನ್ ಎರಡೂ ಕಡೆ ಆಡುತ್ತವೆ, ಎಡವುವುದು ಇಲ್ಲಿ. ಬಸ್ಸಿನಿಂದ ಇಳಿಯುವುದು "ಗೆಟ್ ಆಫ್ ಇಟ್", ದೀಪ ಆರಿಸುವುದು "ಟರ್ನ್ ಇಟ್ ಆಫ್".

ಪದ ಅವೇ ಇದ್ದು, ಜಾಗ ಬದಲಾದರೆ ಅರ್ಥವೇ ಬದಲಾಗುವ ಜೋಡಿಗಳೂ ಇವೆ. "ಸೀ ಇಟ್ ಥ್ರೂ" ಎಂದರೆ ಹಿಡಿದ ಕೆಲಸವನ್ನು ಕೊನೆ ಮುಟ್ಟಿಸು, "ಸೀ ಥ್ರೂ ಇಟ್" ಎಂದರೆ ಅದರ ಹಿಂದಿನ ಮೋಸ ಕಂಡುಹಿಡಿ. ಫ್ಯಾನ್ ಹಾಕುವುದು "ಟರ್ನ್ ಇಟ್ ಆನ್", ಇದ್ದಕ್ಕಿದ್ದಂತೆ ಒಬ್ಬನ ಮೇಲೆ ಹರಿಹಾಯುವುದು "ಟರ್ನ್ ಆನ್ ಹಿಮ್". ಪಟ್ಟಿಯಲ್ಲಿ ಇವೆಲ್ಲ ಒಂದೇ ಸಾಲಾಗಿ ಕಾಣುತ್ತವೆ. ಪಟ್ಟಿ ಬೇಡ ಎನ್ನುವುದು ಅದಕ್ಕೇ.

ಕಿವಿಗೂ ಒಂದು ಸುಳಿವು ಇದೆ. ಬಿಡಿಸಬಹುದಾದವುಗಳಲ್ಲಿ ಒತ್ತು ಪುಟ್ಟ ಪದದ ಮೇಲೆ ಬೀಳುತ್ತದೆ: "ಟರ್ನ್ ಇಟ್" ಎಂದು ಬೇಗ ದಾಟಿ "ಆಫ್" ಮೇಲೆ ನಿಲ್ಲುತ್ತಾರೆ. "ಲುಕ್ ಅಟ್ ಇಟ್" ಹೇಳುವಾಗ ಒತ್ತು "ಲುಕ್" ಮೇಲೆ, "ಅಟ್" ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಅಟ್, ಫಾರ್, ಟು ಇಂಥ ಒಂದೇ ಉಚ್ಚಾರಾಂಶದವಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಆಫ್ಟರ್, ಇಂಟು, ಓವರ್ ತಮ್ಮದೇ ಒತ್ತು ಇಟ್ಟುಕೊಂಡಿರುತ್ತವೆ, ಅಲ್ಲಿ ಈ ಸುಳಿವನ್ನು ನಂಬಬೇಡಿ.

ಮೂರು ಪದದವು ನೋಡಲು ಕಷ್ಟ, ಬಳಸಲು ಸುಲಭ. "ಪುಟ್ ಅಪ್ ವಿತ್ ಇಟ್", "ರನ್ ಔಟ್ ಆವ್ ಇಟ್", "ಲುಕ್ ಫಾರ್ವರ್ಡ್ ಟು ಇಟ್": ಮೂರೂ ಪದ ಅಂಟಿಕೊಂಡೇ ಇರುತ್ತವೆ, ಕರ್ಮ ಕೊನೆಗೆ. ಎರಡು ಕರ್ಮ ಬೇಡುವ ಕೆಲವು ಮಾತ್ರ ಒಂದನ್ನು ನಡುವೆ ತೆಗೆದುಕೊಳ್ಳುತ್ತವೆ. ಬೇಡವೆಂದು ಅವನ ಮನ ಒಲಿಸಿದೆ ಎನ್ನಲು "ಐ ಟಾಕ್ಡ್ ಹಿಮ್ ಔಟ್ ಆವ್ ಇಟ್". ಇಲ್ಲಿ ಅತಿ ಸಾಮಾನ್ಯ ತಪ್ಪು ಇಮೇಲ್‌ಗಳಲ್ಲಿ ಕಾಣುವ "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು". ಈ "ಟು" ಪ್ರಿಪೊಸಿಷನ್, ಅದರ ಮುಂದೆ ನಾಮಪದ ಅಥವಾ ಐಎನ್‌ಜಿ ರೂಪ ಬರಬೇಕು: "ಟು ಮೀಟಿಂಗ್ ಯು". ಪರೀಕ್ಷೆ ಸುಲಭ: ಆ ಜಾಗದಲ್ಲಿ "ಇಟ್" ಇಟ್ಟು ನೋಡಿ. "ಲುಕಿಂಗ್ ಫಾರ್ವರ್ಡ್ ಟು ಇಟ್" ಕೂತಿತು, ಅಂದರೆ ಐಎನ್‌ಜಿ ಬೇಕು. "ಐ ವಾಂಟ್ ಟು ಇಟ್" ಕೂರುವುದಿಲ್ಲ, ಅಲ್ಲಿ "ಟು ಮೀಟ್" ಸರಿ.

ಇನ್ನು ಅರ್ಥ. "ಪುಟ್" ಎಂದರೆ ಇಡು, "ಆಫ್" ಎಂದರೆ ಆಚೆ, ಹಾಗಿದ್ದರೆ "ಮುಂದೂಡು" ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವವರು ಕನ್ನಡದ ಕಡೆ ಒಮ್ಮೆ ನೋಡಬೇಕು. "ಮೋಟಾರು ಕೆಟ್ಟುಹೋಯಿತು", "ದೀಪ ಆರಿಹೋಯಿತು", "ಹಣ ಮುಗಿದುಹೋಯಿತು" ಎನ್ನುವಾಗ ಯಾರೂ ಎಲ್ಲಿಗೂ ಹೋಗಿರುವುದಿಲ್ಲ. "ತಿಂದುಬಿಡು" ಎನ್ನುವಾಗ ಏನನ್ನೂ ಬಿಡುವುದಿಲ್ಲ, ಪೂರ್ತಿ ಮುಗಿಸು ಎಂದು ಹೇಳುತ್ತಿದ್ದೇವೆ. ಇಂಗ್ಲಿಷಿನ "ಅಪ್" ಹಲವು ಕಡೆ ಮಾಡುವುದು ನಮ್ಮ "ಬಿಡು" ಮಾಡುವ ಕೆಲಸವನ್ನೇ: ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್. "ರೈಟ್ ಡೌನ್" ನಮ್ಮ "ಬರೆದುಕೋ"ಗೆ ಹತ್ತಿರ. ಪೂರ್ತಿ ಹೊಂದಾಣಿಕೆ ಹುಡುಕಬೇಡಿ, ಆದರೆ ಮೂಲ ಅರ್ಥ ಕಳೆದುಕೊಂಡು ಬೇರೆ ಕೆಲಸಕ್ಕೆ ನಿಂತ ಪದ ನಿಮಗೆ ಹೊಸದೇನಲ್ಲ.

ಆದ್ದರಿಂದ ಕ್ರಿಯಾಪದಕ್ಕಿಂತ ಪುಟ್ಟ ಪದಗಳ ನಡವಳಿಕೆ ಗಮನಿಸುವುದು ಲಾಭ. "ಅಪ್" ಮುಗಿಸುವುದನ್ನು ಬಿಟ್ಟರೆ ಹೆಚ್ಚಾಗುವುದನ್ನು ಹೇಳುತ್ತದೆ (ಸ್ಪೀಡ್ ಅಪ್, ಸ್ಪೀಕ್ ಅಪ್) ಮತ್ತು ಎದುರಿಗೆ ಬಂದು ನಿಲ್ಲುವುದನ್ನು (ಟರ್ನ್ ಅಪ್, ಶೋ ಅಪ್). "ಡೌನ್" ಕಡಿಮೆಯಾಗುವುದು, ನಿಂತುಹೋಗುವುದು: ಸ್ಲೋ ಡೌನ್, ಬ್ರೇಕ್ ಡೌನ್, ಶಟ್ ಡೌನ್. "ಔಟ್"ಗೆ ಎರಡು ಮುಖ ನೆನಪಿಡಿ, ತಿಳಿದುಕೊಳ್ಳುವುದು (ಫೈಂಡ್ ಔಟ್, ಫಿಗರ್ ಔಟ್, ವರ್ಕ್ ಔಟ್) ಮತ್ತು ಬರಿದಾಗುವುದು (ರನ್ ಔಟ್, ಸೆಲ್ ಔಟ್, ಡೈ ಔಟ್). "ಆನ್" ಮುಂದುವರಿಯುವುದು: ಕ್ಯಾರಿ ಆನ್, ಗೋ ಆನ್. "ಓವರ್" ಕೈ ಬದಲಾಗುವುದು: ಹ್ಯಾಂಡ್ ಓವರ್, ಟೇಕ್ ಓವರ್. "ಆಫ್" ಬೇರ್ಪಡುವುದು, ಹೊರಡುವುದು, ನಿಲ್ಲುವುದು.

ಇದು ಅರ್ಥ ನೆನಪಿಡಲು ಆಸರೆ ಅಷ್ಟೇ, ಹೊಸ ಜೋಡಿ ಹುಟ್ಟಿಸಲು ಪರವಾನಗಿ ಅಲ್ಲ. "ದ ಲೈಟ್ಸ್ ವೆಂಟ್ ಆಫ್" ಎಂದರೆ ದೀಪ ಆರಿತು, "ದ ಅಲಾರ್ಮ್ ವೆಂಟ್ ಆಫ್" ಎಂದರೆ ಅಲಾರಂ ಹೊಡೆದುಕೊಳ್ಳತೊಡಗಿತು. ಮನೆ "ಬರ್ನ್ ಡೌನ್" ಆಗುತ್ತದೆ, ಕಾಗದ "ಬರ್ನ್ ಅಪ್" ಆಗುತ್ತದೆ, ಎರಡೂ ಬೂದಿಯೇ. ಇಂಥವನ್ನು ತರ್ಕಕ್ಕೆ ಹಚ್ಚಬೇಡಿ.

ಎಷ್ಟು ಕಲಿಯಬೇಕು? ಸಾವಿರಗಟ್ಟಲೆ ಇವೆ ಎಂದು ಹೆದರಿಸುವ ಪುಸ್ತಕ ಬದಿಗಿಡಿ. 2007ರಲ್ಲಿ ಭಾಷಾ ಸಂಶೋಧಕರಾದ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಸುಮಾರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ (ನಿಜವಾದ ಬರಹ, ಮಾತುಗಳ ಸಂಗ್ರಹ) ಜಾಲಾಡಿ ತೋರಿಸಿದ್ದು ಇದು: ಬರೀ 20 ಕ್ರಿಯಾಪದ, 8 ಪುಟ್ಟ ಪದ ಸೇರಿ ಆಗುವ ಜೋಡಿಗಳೇ ಅಲ್ಲಿನ ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು. 2015ರಲ್ಲಿ ಮೆಲೊಡಿ ಗಾರ್ನಿಯೆ, ನಾರ್ಬರ್ಟ್ ಶ್ಮಿಟ್ ಅತಿ ಹೆಚ್ಚು ಬಳಕೆಯ 150ನ್ನು ಆರಿಸಿ, ಅವುಗಳಲ್ಲಿ ನಿಜಕ್ಕೂ ಬೇಕಾಗುವ ಅರ್ಥಗಳನ್ನು 288ಕ್ಕೆ ಇಳಿಸಿದರು. ತಲಾ ಸುಮಾರು ಎರಡು ಎಂದಾಯಿತು. ಡಿಕ್ಷನರಿಯಲ್ಲಿ "ಪಿಕ್ ಅಪ್"ಗೆ ಹತ್ತಾರು ಅರ್ಥ ಇರಬಹುದು. ಎತ್ತಿಕೊಳ್ಳು, ಗಾಡಿಯಲ್ಲಿ ಹೋಗಿ ಕರೆತಾ ಎಂಬೆರಡು ಕೈವಶವಾದರೆ ಸದ್ಯಕ್ಕೆ ಸಾಕು. ಉಳಿದವು ಓದುವಾಗ ಎದುರಾದಾಗ ನೋಡಿಕೊಳ್ಳಬಹುದು.

ಕಲಸಿಹೋಗುವುದಕ್ಕೆ ಮದ್ದು ಗುಂಪು ಬದಲಿಸುವುದು. "ಗೆಟ್"ನ ಎಂಟು ಜೋಡಿ ಒಂದೇ ದಿನ ಕಲಿತರೆ ಮೊದಲ ಪದ ಒಂದೇ ಆದ್ದರಿಂದ ಒಂದರ ನೆನಪು ಇನ್ನೊಂದನ್ನು ಅಳಿಸುತ್ತದೆ. ಬದಲಿಗೆ ಸಂದರ್ಭ ಹಿಡಿಯಿರಿ. ಫೋನ್ ಮಾತು ಎಂದರೆ: ಪಿಕ್ ಅಪ್, ಹೋಲ್ಡ್ ಆನ್, ಗೆಟ್ ಥ್ರೂ, ಕಾಲ್ ಬ್ಯಾಕ್, ಹ್ಯಾಂಗ್ ಅಪ್, ದನಿ ತುಂಡು ತುಂಡಾದಾಗ "ಯು ಆರ್ ಬ್ರೇಕಿಂಗ್ ಅಪ್". ಆರೂ ಒಂದೇ ಘಟನೆಯಲ್ಲಿ ಸಾಲಾಗಿ ಬರುತ್ತವೆ, ಒಂದು ಇನ್ನೊಂದನ್ನು ಎಳೆದು ತರುತ್ತದೆ. ಪ್ರಯಾಣ, ಬಟ್ಟೆ, ಮೀಟಿಂಗ್, ಕಂಪ್ಯೂಟರ್ ಕೆಲಸ ಹೀಗೆ ಮುಂದುವರಿಸಿ.

ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೆ ಮೂರು ಸಾಲು ಸಾಕು. ಬಿಡಿಸಬಹುದಾದದ್ದಾದರೆ ನಾಮಪದ ಕೊನೆಗೆ, ನಾಮಪದ ನಡುವೆ, ಸರ್ವನಾಮ ನಡುವೆ: "ಪುಟ್ ಆಫ್ ದ ಟ್ರಿಪ್", "ಪುಟ್ ದ ಟ್ರಿಪ್ ಆಫ್", "ಪುಟ್ ಇಟ್ ಆಫ್". ಬಿಡಿಸಲಾಗದ್ದಾದರೆ ವರ್ತಮಾನ, ಭೂತ, ಪ್ರಶ್ನೆ: "ಐ ಲುಕ್ ಆಫ್ಟರ್ ದೆಮ್", "ಐ ಲುಕ್ಡ್ ಆಫ್ಟರ್ ದೆಮ್", "ಹೂ ಲುಕ್ಸ್ ಆಫ್ಟರ್ ದೆಮ್?" ಕನ್ನಡ ಅರ್ಥವನ್ನು ಪಕ್ಕದಲ್ಲಿ ಬರೆಯದೆ ಹಾಳೆಯ ಹಿಂಬದಿ ಬರೆಯಿರಿ, ಇಲ್ಲವಾದರೆ ಕಣ್ಣು ಅಲ್ಲಿಗೇ ಓಡುತ್ತದೆ. ದಿನಕ್ಕೆ ನಾಲ್ಕೈದು ಮೀರಬೇಡಿ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಹಿಂಬದಿಯ ಕನ್ನಡ ನೋಡಿ ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಓದಿ ಅರ್ಥ ಮಾಡಿಕೊಳ್ಳಲಷ್ಟೇ ಸಹಾಯ, ಮಾತು ಬರುವುದು ಈ ಉಲ್ಟಾ ಅಭ್ಯಾಸದಿಂದ. ಎರಡು ಸಲ ತಪ್ಪಿದ್ದನ್ನು ಮತ್ತೆ ಮೊದಲ ದಿನದ ಸಾಲಿಗೆ ಸೇರಿಸಿ.

ಡಿಕ್ಷನರಿಯನ್ನು ಆರಿಸುವಾಗ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಹಿಡಿಯಿರಿ. ಅದರಲ್ಲಿ "ಪುಟ್ ಸಮ್‌ಥಿಂಗ್ ಆಫ್", "ಲುಕ್ ಆಫ್ಟರ್ ಸಮ್‌ಬಡಿ" ಎಂದು ಕರ್ಮದ ಜಾಗ ಸಮೇತ ಕೊಟ್ಟಿರುತ್ತಾರೆ. ಕೆಲವದರಲ್ಲಿ ಬಿಡಿಸಬಹುದಾದದ್ದಕ್ಕೆ ಎರಡೂ ಕಡೆ ಮೊನೆಯಿರುವ ಬಾಣದ ಗುರುತೂ ಇರುತ್ತದೆ. ಹುಡುಕುವುದು ಮುಖ್ಯ ಕ್ರಿಯಾಪದದ ಅಡಿಯಲ್ಲಿ.

ನಮ್ಮ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಕೆಲವು ತಪ್ಪುಗಳು. "ಆಫ್ ದ ಲೈಟ್", "ಆನ್ ದ ಫ್ಯಾನ್": ಕನ್ನಡದಲ್ಲಿ "ಆಫ್ ಮಾಡು" ಎಂದು ಕ್ರಿಯಾಪದ ನಾವೇ ಸೇರಿಸುತ್ತೇವೆ, ಇಂಗ್ಲಿಷಿಗೆ ಬಂದಾಗ "ಮಾಡು" ಬಿದ್ದುಹೋಗಿ ಕ್ರಿಯಾಪದವೇ ಇಲ್ಲದಂತಾಗುತ್ತದೆ. ಟರ್ನ್ ಅಥವಾ ಸ್ವಿಚ್ ಬೇಕೇ ಬೇಕು. "ಕೋಪ್ ಅಪ್ ವಿತ್" ಎಂಬುದು "ಕೀಪ್ ಅಪ್ ವಿತ್", "ಪುಟ್ ಅಪ್ ವಿತ್" ಕೇಳಿ ಕೇಳಿ ಹುಟ್ಟಿದ್ದು, ಸರಿಯಾದದ್ದು "ಕೋಪ್ ವಿತ್". ಟ್ಯಾಂಕ್ "ಫಿಲ್ ಅಪ್" ಮಾಡುತ್ತಾರೆ, ಅರ್ಜಿಯನ್ನು "ಫಿಲ್ ಇನ್" ಅಥವಾ "ಫಿಲ್ ಔಟ್". "ರಿಟರ್ನ್ ಬ್ಯಾಕ್"ನಲ್ಲಿ ಬ್ಯಾಕ್ ದಂಡ. "ಐ ಪಾಸ್ಡ್ ಔಟ್ ಇನ್ 2015" ಎಂದರೆ ಇಲ್ಲಿ ಪದವಿ ಮುಗಿಸಿದಿರಿ ಎಂದು ತಿಳಿಯುತ್ತಾರೆ, ಹೊರಗಿನವರು ಮೂರ್ಛೆ ಹೋದಿರೆಂದು ತಿಳಿಯುತ್ತಾರೆ. "ಗ್ರಾಜುಯೇಟೆಡ್" ಎಂದರೆ ಎಲ್ಲ ಕಡೆಯೂ ನಡೆಯುತ್ತದೆ. "ಲುಕ್ ಓವರ್" ಎಂದರೆ ಕಣ್ಣಾಡಿಸಿ ಪರಿಶೀಲಿಸು, "ಓವರ್‌ಲುಕ್" ಎಂದರೆ ಕಣ್ತಪ್ಪಿ ಬಿಟ್ಟುಬಿಡು. ಮೇಲಧಿಕಾರಿಗೆ ಬರೆಯುವಾಗ ಇದನ್ನು ಅದಲುಬದಲು ಮಾಡಬೇಡಿ.

ಬರವಣಿಗೆಯಲ್ಲಿ ಇನ್ನೊಂದು: ಲಾಗಿನ್, ಸೆಟಪ್, ಬ್ಯಾಕಪ್ ಇವು ಕೂಡಿಸಿ ಬರೆದರೆ ನಾಮಪದ, ಕ್ರಿಯಾಪದವಾದಾಗ ಎರಡು ಪದ. ಅನುಮಾನ ಬಂದರೆ ಭೂತಕಾಲ ಮಾಡಿ ನೋಡಿ. "ಲಾಗ್ಡ್ ಇನ್" ಎಂದು ಬದಲಾವಣೆ ನಡುವೆ ಆಗುತ್ತದಲ್ಲ, ಅಲ್ಲಿ ಬಿಡಿಸಿ ಬರೆಯಬೇಕು.

ಔಪಚಾರಿಕ ಬರಹದಲ್ಲಿ ಫ್ರೇಸಲ್ ವರ್ಬ್ ಬಳಸಲೇಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. "ಕ್ಯಾರಿ ಔಟ್", "ಪಾಯಿಂಟ್ ಔಟ್", "ಸೆಟ್ ಅಪ್" ಸಂಶೋಧನಾ ಲೇಖನಗಳಲ್ಲೂ ಧಾರಾಳವಾಗಿ ಬರುತ್ತವೆ. "ಪುಟ್ ಅಪ್ ವಿತ್" ಬದಲು "ಟಾಲರೇಟ್", "ಲುಕ್ ಇಂಟು" ಬದಲು "ಇನ್‌ವೆಸ್ಟಿಗೇಟ್" ವರದಿಗೆ ಹೊಂದುತ್ತವೆ, ನಿಜ. ಅದೇ "ಪೋಸ್ಟ್‌ಪೋನ್", "ಎಕ್ಸ್‌ಟಿಂಗ್ವಿಶ್"ಗಳನ್ನೇ ಗೆಳೆಯರ ನಡುವೆ ಆಡಿದರೆ ಮಾತು ನೋಟಿಸ್ ಬೋರ್ಡ್ ಓದಿದಂತಿರುತ್ತದೆ. ಮಾತಿಗೆ "ಪುಟ್ ಇಟ್ ಆಫ್", "ಪುಟ್ ಇಟ್ ಔಟ್" ಅಭ್ಯಾಸ ಮಾಡಿ.