ತಲೆಕೆಳಗಾದ ಅಕ್ಷರ, ಇಲ್ಲದ ಕಾರ್ಡ್: ಬ್ಯಾಗ್ ನಕಲಿಯೇ?

ಪ್ರಶ್ನೆ: ಪರಿಚಿತರೊಬ್ಬರು ತಾವು ಬಳಸಿದ ಲೂಯಿ ವಿಟಾನ್ ಕಂಪನಿಯ ‘ಸ್ಪೀಡಿ’ ಬ್ಯಾಗನ್ನು ಮಾರುತ್ತಿದ್ದಾರೆ. ಮುಂಬದಿಯಲ್ಲಿ ‘ಎಲ್‌ವಿ’ ಅಕ್ಷರಗಳು ನೆಟ್ಟಗಿವೆ, ಹಿಂಬದಿಯಲ್ಲಿ ತಲೆಕೆಳಗಾಗಿವೆ. ಹಿಡಿಕೆ ಕಂದುಬಣ್ಣಕ್ಕೆ ತಿರುಗಿದೆ. ಅಸಲಿ ಎನ್ನುವುದಕ್ಕೆ ಕಾರ್ಡ್ ಕೇಳಿದರೆ ಇಲ್ಲ ಎನ್ನುತ್ತಾರೆ. ಒಳಗೆ ಎರಡು ಅಕ್ಷರಗಳ ಜೊತೆ 2141 ಎಂಬ ಸಂಖ್ಯೆ ಮಾತ್ರ ಇದೆ. ಇದು ನಕಲಿಯಲ್ಲವೇ?

ಉತ್ತರ: ಅವಸರದಲ್ಲಿ ಆ ತೀರ್ಮಾನಕ್ಕೆ ಬರಬೇಡಿ. ನಿಮ್ಮಲ್ಲಿ ಅನುಮಾನ ಹುಟ್ಟಿಸಿದ ಒಂದೊಂದು ಗುರುತೂ ಅಸಲಿ ಸ್ಪೀಡಿಯಲ್ಲಿ ಇರುವಂಥದ್ದೇ.

ಮೊದಲು ಬ್ಯಾಗನ್ನು ಮಗುಚಿ ಅಡಿಭಾಗ ನೋಡಿ. ಹಳೆಯ ಮಾದರಿಯ ಸ್ಪೀಡಿಯಲ್ಲಿ ಒಂದೇ ಕ್ಯಾನ್ವಾಸ್ ತುಂಡು ಮುಂಬದಿಯಿಂದ ಇಳಿದು, ಅಡಿಯನ್ನು ಸುತ್ತಿ, ಹಿಂಬದಿಗೆ ಏರುತ್ತದೆ. ಹಾಗಾಗಿ ಒಂದು ಬದಿಯ ಅಕ್ಷರಗಳು ತಲೆಕೆಳಗಾಗಲೇಬೇಕು. ಎರಡೂ ಬದಿ ನೆಟ್ಟಗಿದ್ದು ಅಡಿಯಲ್ಲಿ ಜೋಡಣೆಯ ಹೊಲಿಗೆ ಕಂಡಿದ್ದರೆ ನಾನು ಅನುಮಾನಿಸುತ್ತಿದ್ದೆ. ಅಂದಹಾಗೆ, ಅದು ಚರ್ಮವಲ್ಲ, ಲೇಪನ ಕೊಟ್ಟ ಹತ್ತಿಯ ಬಟ್ಟೆ. ‘ಪೂರ್ತಿ ಚರ್ಮದ್ದು’ ಎಂದು ಯಾರಾದರೂ ಹೊಗಳಿ ಮಾರಿದರೆ ಅವರಿಗೆ ಆ ಬ್ಯಾಗಿನ ಪರಿಚಯವೇ ಇಲ್ಲ.

ಹಿಡಿಕೆ ಮತ್ತು ಅದು ಸೇರುವ ಪಟ್ಟಿಗಳು ಮಾತ್ರ ಚರ್ಮದ್ದು. ಬಣ್ಣ, ಲೇಪನ ಯಾವುದೂ ಇಲ್ಲದ ಹಸುವಿನ ಚರ್ಮ. ಹೊಸದರಲ್ಲಿ ತೆಳು ಕೆನೆಬಣ್ಣ. ಬಿಸಿಲು, ಕೈಬೆವರು ತಾಗುತ್ತಾ ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ಬರುತ್ತದೆ, ಕೈ ಹಿಡಿಯುವ ಕಡೆ ಇನ್ನೂ ಗಾಢವಾಗುತ್ತದೆ. ಆ ಏರಿಳಿತವನ್ನೇ ಹುಡುಕಿ. ನಕಲಿಯಲ್ಲಿ ಬಣ್ಣ ಮೊದಲೇ ಬಳಿದದ್ದು, ಮೂಲೆಮೂಲೆಗೂ ಒಂದೇ ಸಮ. ಹಳೆಯ ಬ್ಯಾಗಿಗೆ ಹೊಚ್ಚಹೊಸ ಹಿಡಿಕೆ ಇದ್ದರೆ ಬದಲಾಯಿಸಿದ್ದೂ ಇರಬಹುದು, ಕೇಳಿ ನೋಡಿ.

ಈ ಕಂಪನಿ ಅಸಲಿಯೆಂಬ ಕಾರ್ಡ್ ಕೊಡುವುದೇ ಇಲ್ಲ. ಮಾರುವವರು ಅಂಥ ಕಾರ್ಡ್ ಮುಂದೆ ಹಿಡಿದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ.

ಇನ್ನು ಸಂಖ್ಯೆ. 2007ರಿಂದೀಚೆಗೆ ಮೊದಲ ಮತ್ತು ಮೂರನೆಯ ಅಂಕಿ ವಾರವನ್ನೂ ಎರಡನೆಯ ಮತ್ತು ನಾಲ್ಕನೆಯ ಅಂಕಿ ವರ್ಷವನ್ನೂ ಹೇಳುತ್ತವೆ. ನಿಮ್ಮದು 2011ರ 24ನೆಯ ವಾರದ್ದು. ಈ ಲೆಕ್ಕದಲ್ಲಿ 68ನೆಯ ವಾರ ಬಂದರೆ ಅದು ಸುಳ್ಳು ಸಂಖ್ಯೆ. 2021ರ ಮಾರ್ಚ್‌ನಿಂದ ಸಂಖ್ಯೆಯ ಜಾಗಕ್ಕೆ ಚಿಪ್ ಬಂದಿದೆ. ಆದರೆ ಸಂಖ್ಯೆ ಸರಿಯಾಗಿದ್ದ ಮಾತ್ರಕ್ಕೆ ನಂಬಬೇಡಿ: ಒಂದೇ ಸಂಖ್ಯೆ ಹಲವು ಬ್ಯಾಗುಗಳಲ್ಲಿ ಇರುತ್ತದೆ, ಅದನ್ನು ಒತ್ತುವುದು ನಕಲು ಮಾಡುವವರಿಗೆ ಕಷ್ಟವೇನಲ್ಲ.

ಚಿಹ್ನೆಯ ಕಥೆಯೂ ಅದೇ. ನಕಲಿನ ಕಾಟ ತಡೆಯಲೆಂದೇ ಕಂಪನಿ ಸ್ಥಾಪಕರ ಮಗ ಜಾರ್ಜ್ ವಿಟಾನ್ 1896ರಲ್ಲಿ ಆ ಅಕ್ಷರ ಮತ್ತು ಹೂಗಳ ವಿನ್ಯಾಸ ತಂದರು. ಇಂದು ಯಾರು ಬೇಕಾದರೂ ಅದನ್ನು ಮುದ್ರಿಸುತ್ತಾರೆ. ನಕಲು ಮಾಡುವವರು ಉಳಿತಾಯ ಮಾಡುವುದು ದಾರದಲ್ಲಿ, ಸಮಯದಲ್ಲಿ. ಆದ್ದರಿಂದ ಹೊಲಿಗೆ ನೋಡಿ. ಹಿಡಿಕೆ ಸೇರುವ ಚರ್ಮದ ಪಟ್ಟಿಗಳಲ್ಲಿ ಎಡಕ್ಕೂ ಬಲಕ್ಕೂ ಹೊಲಿಗೆ ಎಣಿಸಿ, ತಾಳೆಯಾಗಬೇಕು. ಚರ್ಮದ ಮೇಲೆ ಒತ್ತಿದ ಕಂಪನಿಯ ಹೆಸರಿನಲ್ಲಿ ‘ಒ’ ಅಕ್ಷರ ದುಂಡಗಿರುತ್ತದೆ, ಎರಡು ‘ಟಿ’ಗಳು ಹೆಚ್ಚುಕಡಿಮೆ ತಾಗಿಕೊಂಡಿರುತ್ತವೆ. ಒಳಗೆ ಮೂಗಿಟ್ಟರೆ ಅಂಟಿನ ಘಾಟು ಹೊಡೆಯಬಾರದು.

ಇಷ್ಟೆಲ್ಲ ದಾಟಿಬರುವ ನಕಲಿಗಳೂ ಇವೆ. ದೊಡ್ಡ ಮೊತ್ತವಾದರೆ ಸ್ವತಂತ್ರ ಪರೀಕ್ಷಕರಿಗೆ ತೋರಿಸಿದ ಮೇಲೆಯೇ ಹಣ ಕೊಡುತ್ತೇನೆ ಎಂದು ಹೇಳಿ. ಪರಿಚಿತರೆಂಬ ಸಂಕೋಚ ಬೇಡ.

ಪ್ರಶ್ನೆ: ನನ್ನ ಬ್ಯಾಗಿನ ಒಳಗೆ ‘ಮೇಡ್ ಇನ್ ಸ್ಪೇನ್’ ಎಂದಿದೆ. ಇದು ಫ್ರಾನ್ಸಿನ ಕಂಪನಿಯಲ್ಲವೇ?

ಉತ್ತರ: ಹೌದು, ಆದರೆ ಲೂಯಿ ವಿಟಾನ್ ಬ್ಯಾಗುಗಳು ಸ್ಪೇನ್, ಇಟಲಿ, ಅಮೆರಿಕಗಳಲ್ಲೂ ತಯಾರಾಗುತ್ತವೆ. ಚಿಂತೆ ಬೇಡ.

ಪ್ರಶ್ನೆ: ಶನೆಲ್ ಕಂಪನಿಯ ಬ್ಯಾಗಿನಲ್ಲಿ ಮೊದಲು ಏನು ನೋಡಬೇಕು?

ಉತ್ತರ: ವಜ್ರಾಕಾರದ ಹೊಲಿಗೆಯ ಗೆರೆಗಳನ್ನು. ಹಿಂಬದಿಯ ಜೇಬಿನ ಮೇಲಿನ ಗೆರೆ ಮುರಿಯದೆ ಬ್ಯಾಗಿನ ಗೆರೆಯೊಂದಿಗೆ ಕೂಡಬೇಕು. ನಂತರ ಒಂದಕ್ಕೊಂದು ಹೆಣೆದ ಎರಡು ‘ಸಿ’ ಅಕ್ಷರಗಳ ಆಕಾರದ ಮುಂಭಾಗದ ಬೀಗ: ಬಲಗಡೆಯ ‘ಸಿ’ ಮೇಲ್ತುದಿಯಲ್ಲಿ ಎಡಗಡೆಯದರ ಮೇಲೆ ಹಾಯುತ್ತದೆ, ಕೆಳತುದಿಯಲ್ಲಿ ಅದರ ಅಡಿಗೆ ಸರಿಯುತ್ತದೆ. ಇದು ಅದಲುಬದಲಾಗಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ.