ಆಷಾಢದಲ್ಲಿ ಲಾನಿಗೆ ಯೂರಿಯಾ ಯಾಕೆ ಹಾಕಿದಿರಿ?

ಪ್ರಶ್ನೆ: ಸರ್, ಮನೆ ಮುಂದೆ 600 ಚದರ ಅಡಿ ಮೆಕ್ಸಿಕನ್ ಹುಲ್ಲು ಹಾಕಿಸಿ ಎರಡು ವರ್ಷವಾಯಿತು. ಜೂನ್ ಕೊನೆಗೆ ಸ್ವಲ್ಪ ಹಳದಿ ತಿರುಗಿತ್ತು. ಮಳೆ ಬೀಳುವಾಗ ಗೊಬ್ಬರ ಚೆನ್ನಾಗಿ ಇಳಿಯುತ್ತದೆ ಎಂದು ಮಾಲಿ ಹೇಳಿದ. 2 ಕಿಲೋ ಯೂರಿಯಾ ಎರಚಿಸಿದೆ. ಹತ್ತು ದಿನ ಕಡುಹಸಿರಾಗಿ ಬೆಳೆಯಿತು. ಈಗ ಊಟದ ತಟ್ಟೆಯಷ್ಟು ಅಗಲದ ಕಂದು ಮಚ್ಚೆಗಳು ಬಿದ್ದಿವೆ, ದಿನಾ ಹರಡುತ್ತಿವೆ. ಗೊಬ್ಬರ ಸಾಲಲಿಲ್ಲವೇ? ಇನ್ನೊಂದು ಸಲ ಹಾಕಲೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ದಯವಿಟ್ಟು ಬೇಡ. ಆ ಚೀಲದ ಬಾಯಿ ಕಟ್ಟಿ ಅಟ್ಟಕ್ಕೆ ಹಾಕಿ.

ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ. 100 ಚದರ ಅಡಿಗೆ ಒಂದು ಸಲಕ್ಕೆ 100 ಗ್ರಾಂ ಹಾಕಿದರೆ ಅದೇ ಜಾಸ್ತಿ. ನಾನಂತೂ 50 ಗ್ರಾಂ ದಾಟುವುದಿಲ್ಲ. ನಿಮ್ಮ ಅಂಗಳಕ್ಕೆ 600 ಗ್ರಾಂ ಧಾರಾಳವಾಗಿತ್ತು. ನೀವು ಅದರ ಮೂರು ಪಟ್ಟಿಗೂ ಮೀರಿ ಸುರಿದಿದ್ದೀರಿ, ಅದೂ ಮೋಡ ಮುಚ್ಚಿದ ತಿಂಗಳಲ್ಲಿ.

ನಾನು ಮದ್ದೂರು ಕಡೆಯ ಗದ್ದೆ ಮನೆಯವನು. ಯೂರಿಯಾ ಜಾಸ್ತಿಯಾದ ಭತ್ತ ಕಪ್ಪುಹಸಿರಾಗಿ ಮಿಂಚುತ್ತಿದ್ದರೆ ನಮ್ಮಪ್ಪನಿಗೆ ಖುಷಿಯಾಗುತ್ತಿರಲಿಲ್ಲ, 'ಇನ್ನು ಬೆಂಕಿ ರೋಗ ಬರ್ತದೆ ನೋಡು' ಅನ್ನುತ್ತಿದ್ದರು. ಲಾನ್ ಕೂಡ ಹುಲ್ಲೇ ಅಲ್ವಾ? ಸಾರಜನಕ ಹೆಚ್ಚಾದಾಗ ಎಲೆ ನೀರು ತುಂಬಿಕೊಂಡು ಮೆತ್ತಗೆ ಬೆಳೆಯುತ್ತದೆ. ಅದರ ಮೇಲೆ ಇಡೀ ರಾತ್ರಿ ಒದ್ದೆ. ಬೂಷ್ಟಿಗೆ ಬೇರೇನು ಬೇಕು?

ಆದರೂ ಔಷಧಿ ಅಂಗಡಿಗೆ ಓಡುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ಬಿಸಿಲು ಬರುವ ಮುಂಚೆ ಮಚ್ಚೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ, ಎಲೆ ಎಳೆದಾಗ ಬುಡ ಕೊಳೆತು ಸಲೀಸಾಗಿ ಕಿತ್ತು ಬಂದರೆ ಅದು ಶಿಲೀಂಧ್ರ. ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂದು ಕೆಳಗೆ ಬಿಳಿ ಗೊಣ್ಣೆ ಹುಳು ಸಿಕ್ಕರೆ ಬೇರು ತಿಂದದ್ದು ಅದು, ಬೂಷ್ಟಿನ ಔಷಧಿಯಿಂದ ಏನೂ ಆಗದು. ಒಣಗಿದ ಜಾಗದ ಸುತ್ತ ಕಡುಹಸಿರು ಬಳೆ ಇದ್ದರೆ ನಾಯಿಯನ್ನು ವಿಚಾರಿಸಿ, ಅದು ಉಚ್ಚೆ ಹೊಯ್ದ ಗುರುತು!

ನಿಮ್ಮದು ಹರಡುತ್ತಿದೆ ಅಂದಿದ್ದೀರಿ. ಶಿಲೀಂಧ್ರವೇ ಇರಬೇಕು. ಸಂಜೆ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ. ಬೇಕಾದರೆ ಬೆಳಿಗ್ಗೆ ಹಾಕಿ, ಮಧ್ಯಾಹ್ನದೊಳಗೆ ಎಲೆ ಒಣಗಬೇಕು. ಒದ್ದೆ ಹುಲ್ಲಿನ ಮೇಲೆ ಮೆಷಿನ್ ಓಡಿಸಬೇಡಿ, ಒಂದು ಮಚ್ಚೆಯ ರೋಗ ಇಡೀ ಅಂಗಳಕ್ಕೆ ಹೋಗುತ್ತದೆ. ಕತ್ತರಿಸಿದ್ದನ್ನು ಗುಡಿಸಿ ಹೊರಗೆ ಹಾಕಿ. ಇಷ್ಟಕ್ಕೇ ಎಷ್ಟೋ ಸಲ ಹತೋಟಿಗೆ ಬರುತ್ತದೆ. ನಿಲ್ಲದಿದ್ದರೆ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ, ಲೀಟರ್ ನೀರಿಗೆ 1 ಮಿಲಿ, ಮಳೆ ಇಲ್ಲದ ದಿನ ನೋಡಿ ಸಿಂಪಡಿಸಿ. ಕೈಗವಸು ಹಾಕಿಕೊಳ್ಳಿ. ಮಕ್ಕಳನ್ನು, ನಾಯಿಯನ್ನು ಅತ್ತ ಬಿಡಬೇಡಿ. ಔಷಧಿ ಹೊಡೆದ ಮಾತ್ರಕ್ಕೆ ಸತ್ತ ಎಲೆ ಹಸಿರಾಗುವುದಿಲ್ಲ. ಮಚ್ಚೆ ಬೆಳೆಯುವುದು ನಿಂತರೆ ಗೆದ್ದಿರಿ ಎಂದರ್ಥ.

ಮುಂದಿನ ವರ್ಷಕ್ಕೆ ಕೇಳಿ. ಮೈಸೂರಿನಲ್ಲಿ ಆಷಾಢದ್ದು ಬರೀ ಜಿನುಗು. ಒಳ್ಳೆಯ ಮಳೆ ಮೇ ತಿಂಗಳಲ್ಲಿ, ಮತ್ತೆ ದಸರೆಯ ಆಸುಪಾಸಿನಲ್ಲಿ. ಹಾಗಾಗಿ ಮೊದಲ ಗೊಬ್ಬರ ಶಿವರಾತ್ರಿ ಕಳೆದು ಸ್ವಲ್ಪ, ಎರಡನೆಯದು ಮೇ ಮಳೆ ಬಿದ್ದ ಮೇಲೆ. ಜೂನ್ ಮೊದಲ ವಾರ 100 ಚದರ ಅಡಿಗೆ 50 ಗ್ರಾಂ ಪೊಟ್ಯಾಷ್ ಕೊಡಿ, ಎಲೆ ಗಟ್ಟಿಯಾಗುತ್ತದೆ. ಆಮೇಲೆ ಮಳೆ ಬಿಡುವವರೆಗೆ ಏನೂ ಬೇಡ. ಹಳದಿಯಾದರೆ ಆಗಲಿ, ಬಿಸಿಲು ಬಂದರೆ ಸರಿಹೋಗುತ್ತದೆ. ಅಕ್ಟೋಬರ್ ಕೊನೆಗೆ ಎರೆಗೊಬ್ಬರ, ಬೇವಿನ ಹಿಂಡಿ ಸಾಕು. ಚಳಿಗಾಲದಲ್ಲಿ ಬಿಡುವು. ಹಸಿ ಸಗಣಿ ಗೊಬ್ಬರ ಮಾತ್ರ ಹಾಕಿಸಬೇಡಿ, ಅದರ ಜೊತೆ ಕಳೆ ಬೀಜವೂ ಬರುತ್ತದೆ. ಹೊಸ ಮಣ್ಣಾದರೆ ಜರಡಿ ಹಿಡಿಸಿ. ಕೊನ್ನಾರಿ ಗೆಡ್ಡೆ ಒಂದು ಸಲ ಒಳಗೆ ಬಂದರೆ ನಿಮ್ಮ ಮೊಮ್ಮಕ್ಕಳೂ ಕೀಳುತ್ತಿರುತ್ತಾರೆ.

ಯೂರಿಯಾ ಎರಚುವಾಗ ಎಲೆ ಒಣಗಿರಬೇಕು, ಎರಚಿದ ಕೂಡಲೇ ನೀರು ಬಿಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಒಂದು ಆಟದ ಮೈದಾನದಲ್ಲಿ ಇಬ್ಬನಿಯ ಮೇಲೆ ಎರಚಿದ್ದೆ. ಮೂರೇ ದಿನಕ್ಕೆ ನಾನು ಕೈ ಬೀಸಿದ ಒಂದೊಂದು ಬೀಸೂ ಹಳದಿ ಪಟ್ಟೆಯಾಗಿ ಎದ್ದು ಕಂಡಿತು. ಯಾರು ಮಾಡಿದ್ದು ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಪ್ರಶ್ನೆ: ಮಳೆ ಬಂದ ಮಾರನೇ ದಿನ ಲಾನಿನಲ್ಲಿ ದುಂಡಗೆ, ಬಳೆ ಇಟ್ಟ ಹಾಗೆ ಬಿಳಿ ಅಣಬೆ ಎದ್ದಿವೆ. ಸಾರು ಮಾಡಬಹುದಾ?
– ಗೃಹಿಣಿ, ತುಮಕೂರು

ಉತ್ತರ: ಅಮ್ಮಾ, ಮುಟ್ಟಬೇಡಿ. ಲಾನಿನಲ್ಲಿ ಹೀಗೆ ಏಳುವ ದೊಡ್ಡ ಬಿಳಿ ಅಣಬೆಗಳಲ್ಲಿ ಒಂದು ಜಾತಿ ವಿಷದ್ದು. ಬಲಿತಾಗ ಕೊಡೆಯ ಅಡಿಯ ಪದರ ಹಸಿರು ತಿರುಗುತ್ತದೆ, ಎಳೆಯದಿದ್ದಾಗ ಗೊತ್ತೇ ಆಗುವುದಿಲ್ಲ. ತಿಂದರೆ ವಾಂತಿ, ಭೇದಿ. ಅಲ್ಲಿ ಹಿಂದೆ ಮರ ಇತ್ತಾ? ಹೂತುಹೋದ ಬೊಡ್ಡೆ, ಬೇರು ಕೊಳೆಯುವ ಕಡೆ ಇವು ಏಳುತ್ತವೆ. ಕಿತ್ತು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕೈ ತೊಳೆದುಕೊಳ್ಳಿ.