ನಿಂಟೆಂಡೊ ಕಂಪನಿಯ ರೇಸಿಂಗ್ ವಿಡಿಯೋ ಗೇಮ್‌ಗಳಾದ ಮಾರಿಯೋ ಕಾರ್ಟ್ ಸರಣಿಯ ಆಟಗಳ ಮಾರಾಟವನ್ನು ಹೋಲಿಸುವುದು ಹೇಗೆ?

ಬರೀ ಒಟ್ಟು ಪ್ರತಿಗಳನ್ನು ನೋಡಿದರೆ ಎಡವುತ್ತೀರಿ. ಆ ಆಟ ಓಡುವ ಕನ್ಸೋಲ್ (ಗೇಮ್ ಆಡುವ ಯಂತ್ರ) ಎಷ್ಟು ಮಾರಾಟವಾಗಿತ್ತು ಎನ್ನುವುದನ್ನೂ ಪಕ್ಕದಲ್ಲಿಟ್ಟು ಭಾಗಿಸಿ.

2008ರಲ್ಲಿ ವೀ ಕನ್ಸೋಲಿಗೆ ಬಂದ ಮಾರಿಯೋ ಕಾರ್ಟ್ ವೀ ಸುಮಾರು 3.73 ಕೋಟಿ ಪ್ರತಿ ಹೋಯಿತು. 2014ರಲ್ಲಿ ವೀ ಯು ಕನ್ಸೋಲಿಗೆ ಬಂದ ಮಾರಿಯೋ ಕಾರ್ಟ್ 8 ಸುಮಾರು 84 ಲಕ್ಷ ಮಾತ್ರ. ಮೇಲ್ನೋಟಕ್ಕೆ ಎರಡನೆಯದು ನೆಲಕಚ್ಚಿದೆ. ಆದರೆ ವೀ 10.16 ಕೋಟಿ ಮಾರಾಟವಾಗಿದ್ದರೆ, ವೀ ಯು ಬರೀ 1.35 ಕೋಟಿ. ಭಾಗಿಸಿದರೆ ಮೊದಲನೆಯದಕ್ಕೆ ನೂರಕ್ಕೆ 37, ಎರಡನೆಯದಕ್ಕೆ 62! ಸೋತದ್ದು ಕನ್ಸೋಲ್, ಆಟವಲ್ಲ. ಅದೇ ಆಟ 2017ರಲ್ಲಿ ಡಿಲಕ್ಸ್ ಎಂಬ ಆವೃತ್ತಿಯಾಗಿ ಸ್ವಿಚ್ ಕನ್ಸೋಲಿಗೆ ಬಂದು 6 ಕೋಟಿ ದಾಟಿತು.

ಈ ಶೇಕಡಾವಾರಿಗೂ ಮಿತಿಯಿದೆ. ಕನ್ಸೋಲ್ ಕಡಿಮೆ ಮಾರಾಟವಾದಾಗ ಅದನ್ನು ಕೊಂಡವರಲ್ಲಿ ಕಟ್ಟಾ ಅಭಿಮಾನಿಗಳೇ ಹೆಚ್ಚಿರುತ್ತಾರೆ, ಹಾಗಾಗಿ ಪ್ರಮಾಣ ತಾನಾಗಿಯೇ ಏರುತ್ತದೆ. ಕನ್ಸೋಲ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕೊಟ್ಟ ಪ್ರತಿಗಳೂ ಲೆಕ್ಕಕ್ಕೆ ಸೇರುತ್ತವೆ.

ಡಿಲಕ್ಸನ್ನು ಮೂಲ ಆಟಕ್ಕೆ ಕೂಡಿಸಬೇಕೇ? ಕೂಡಿಸಿದರೆ ಎರಡೂ ಕಡೆ ಕೊಂಡವರು ಎರಡು ಸಲ ಎಣಿಕೆಯಾಗುತ್ತಾರೆ. ಬೇರೆಯಾಗಿಯೇ ಇಡುವುದು ವಾಸಿ.

ನಿಂಟೆಂಡೊ ಕೊಡುವ ಅಂಕಿಗಳಲ್ಲಿ ಅಂಗಡಿಗಳಿಗೆ ರವಾನೆಯಾದ, ಇನ್ನೂ ಗ್ರಾಹಕರ ಕೈಸೇರದ ಡಬ್ಬಿಗಳೂ ಇರುತ್ತವೆ. ಹೊಸ ಆಟವಾದರೆ ಈ ವ್ಯತ್ಯಾಸ ದೊಡ್ಡದು, ಹಳೆಯದಕ್ಕೆ ನಗಣ್ಯ.